ತಾಯಿಯೊಡನೆ ಉತ್ತರದ ದ್ವೀಪಗಳಿಗೆ

ವೃದ್ಧರಾದ ತಾಯಿತಂದೆಗಳನ್ನು ಯಾತ್ರೆಗೆ ಕರೆದೊಯ್ಯುವುದು ನಮ್ಮ ದೇಶದಲ್ಲಿ ಪುತ್ರಧರ್ಮವೆಂದು ಪರಿಗಣಿತವಾಗಿದೆ. ವಾಲ್ಮೀಕಿ ಮಹರ್ಷಿಗಳು ಹೆಸರನ್ನೇ ಹೇಳದೆ ಬಿಟ್ಟ ಮುನಿಕುಮಾರನಿಗೆ ಜನರು ಶ್ರವಣನೆಂದು ಹೆಸರಿಟ್ಟು, ಅವನ ಹೆಗಲ ಮೇಲೆ ಕಾವಡಿಯನ್ನಿರಿಸಿ, ಅದರ ಎರಡು ಬುಟ್ಟಿಗಳಲ್ಲಿ ಕುರುಡರಾದ ತಾಯಿತಂದೆಗಳನ್ನು ಕುಳ್ಳಿರಿಸಿ, ತೀರ್ಥದಿಂದ ತೀರ್ಥಕ್ಕೆ ನಡೆಯಿಸಿರುವರು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮಲ್ಲಿ ಅನೇಕರು ತಾಯಂದಿರನ್ನು ಕಾಶಿಗೂ ರಾಮೇಶ್ವರಕ್ಕೂ ಕರೆದೊಯ್ಯುವರು, ನಾನೂ ಕರೆದೊಯ್ದವನೇ. ಆದರೆ ಕಾವಡಿಯನ್ನು ಹೊತ್ತವನಿಗೆ ಮುಂದಿನ ದಾರಿ ಕಾಣುವುದೇ ಹೊರತು ಬುಟ್ಟಿಯಲ್ಲಿ ಕುಳಿತವರ ಮುಖವು ಕಾಣುವುದಿಲ್ಲ. ನನ್ನ ತಾಯಿಯವರ ಮುಖವನ್ನು ನಾನು ಎಂಟು ದಿನಗಳ ಕಾಲ ಸಾವಕಾಶವಾಗಿ ನೋಡಿದ್ದು ದೇವಾಲಯದಲ್ಲಿಯೂ ಅಲ್ಲ, ನದೀತೀರದಲ್ಲಿಯೂ ಅಲ್ಲ. ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿ, ಒಂದು ಸಣ್ಣ ವಿಹಾರನೌಕೆಯ ಮೇಲೆ. "ಅಲ್ಲಿ ಯಾವ ದೇವರಿದ್ದಾನೆ? ಆ ಪ್ರಯಾಣದಿಂದ ಬಂದ ಫಲವೇನು?" ಎಂದು ಮಿತ್ರರು ಕೇಳಿದರು. ಅವರಿಗೆ ಉತ್ತರರೂಪವಾಗಿ ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಶಾಸ್ತ್ರದ ಮಾತು. ಸಮುದ್ರಯಾನವು ದ್ವಿಜರಿಗೆ ಕಲಿಯುಗದಲ್ಲಿ ವರ್ಜ್ಯವೆಂದು ನಿಬಂಧಕಾರರು ಹೇಳಿರುವುದನ್ನು ಪಾಠಶಾಲೆಯಲ್ಲಿ ಓದಿದ ನಾನು ಅರಿಯದವನಲ್ಲ. ಅವರಿಗಿಂತ ಬಹು ಹಿಂದಿನವರಾದ ಬೌಧಾಯನರು ಉತ್ತರದೇಶದವರ ಆಚಾರಗಳೆಂದು ಐದನ್ನು ಎಣಿಸಿದ್ದಾರೆ: ಉಣ್ಣೆಯ ಮಾರಾಟ, ಮದ್ಯಪಾನ, ಎರಡು ಸಾಲು ಹಲ್ಲುಳ್ಳ ಪಶುಗಳ ವ್ಯಾಪಾರ, ಆಯುಧಜೀವನ, ಸಮುದ್ರಯಾನ. ಅವರು ಹೇಳಿದ ಉತ್ತರವು ನಮ್ಮ ಆರ್ಯಾವರ್ತದ ಉತ್ತರವೇ ಆದರೂ, ಈ ಪಟ್ಟಿಯು ಮುಂದೆ ಆ ದ್ವೀಪಗಳಲ್ಲಿ ನನಗೆ ಹಲವು ಸಲ ನೆನಪಿಗೆ ಬಂದಿತು. ಹೊರಡುವ ಮುನ್ನ ಅಮ್ಮನ ಮುಂದೆ ಈ ವಿಷಯವನ್ನು ಎತ್ತಿದೆನು. ಅವರು ಅವಲಕ್ಕಿಯನ್ನು ಕೇರುತ್ತಿದ್ದವರು ಮೊರದಿಂದ ತಲೆಯೆತ್ತದೆ, "ತಮ್ಮಾ, ವಿಮಾನ ಹತ್ತಿದಾಗಲೇ ಸಮುದ್ರ ದಾಟಿದ ಹಾಗಾಯಿತು. ಮೇಲಿಂದ ದಾಟಿದರೇನು, ಕೆಳಗಿಂದ ದಾಟಿದರೇನು?" ಎಂದರು. ವಾದವು ಅಲ್ಲಿಗೇ ಮುಗಿಯಿತು.

ನನ್ನ ಮಗಳು ಗ್ಲಾಸ್ಗೋ ನಗರದಲ್ಲಿ ವೈದ್ಯಳಾಗಿರುವಳು. 2024ನೆಯ ಇಸವಿಯ ಬೇಸಗೆಯಲ್ಲಿ ನಾವು ಅವಳ ಮನೆಗೆ ಹೋಗಿದ್ದೆವು. ಆಗ ನನ್ನ ತಾಯಿಯವರಿಗೆ 84 ವರ್ಷ, ನನಗೆ 64. ಅಜ್ಜಿಗೆ ಆ ದೇಶದ ಅಂಚನ್ನು ತೋರಿಸಬೇಕೆಂದು ಅವಳಿಗೆ ಬಹಳ ಆಸೆ. ಅವಳಿಗೆ ರಜೆಯಿರಲಿಲ್ಲವಾದುದರಿಂದ ನಮ್ಮಿಬ್ಬರಿಗೇ ಸ್ಥಳವನ್ನು ಗೊತ್ತುಮಾಡಿದಳು. ಗ್ಲಾಸ್ಗೋವಿನಿಂದ ಮೂರು ಗಂಟೆಗಳ ರೈಲುಪ್ರಯಾಣದಿಂದ ಓಬನ್ ಎಂಬ ರೇವುಪಟ್ಟಣವನ್ನು ಸೇರಿ, ಅಲ್ಲಿ 'ಹೆಬ್ರಿಡಿಯನ್ ಪ್ರಿನ್ಸೆಸ್' ಎಂಬ ಹಡಗನ್ನು ಹತ್ತಿದೆವು. ಇದು ಸಾವಿರಾರು ಜನರನ್ನು ತುಂಬಿಕೊಂಡು ಹೋಗುವ ಮಹಾನೌಕೆಯಲ್ಲ. 1964ರಲ್ಲಿ ಅಬರ್ಡೀನಿನಲ್ಲಿ ಕಟ್ಟಲ್ಪಟ್ಟು, ಇಪ್ಪತ್ತೈದು ವರ್ಷ ಈ ದ್ವೀಪಗಳ ನಡುವೆ ಜನರನ್ನೂ ಮೋಟಾರುಗಳನ್ನೂ ದಾಟಿಸಿ, 1989ರಲ್ಲಿ ವಿಹಾರನೌಕೆಯಾಗಿ ಮಾರ್ಪಟ್ಟುದು. ಪ್ರಯಾಣಿಕರು ಸುಮಾರು ಐವತ್ತು ಮಂದಿ ಮಾತ್ರ. ಅವರ ಸೇವೆಗೆ ನಿಂತವರ ಸಂಖ್ಯೆಯೂ ಅದಕ್ಕೆ ಹೆಚ್ಚು ಕಡಮೆಯಿಲ್ಲ. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯೇ 2006ರಲ್ಲಿ ಇದನ್ನು ಬಾಡಿಗೆಗೆ ಹಿಡಿದು ಕುಟುಂಬದೊಡನೆ ವಿಹರಿಸಿದ್ದಳು. 1964 ಎಂಬ ಅಂಕಿಯನ್ನು ಕೇಳಿದಾಗ ಅಮ್ಮ ಒಂದು ಕ್ಷಣ ನನ್ನ ಮುಖವನ್ನು ನೋಡಿದರು, ಏನೂ ಹೇಳಲಿಲ್ಲ. ಅದರ ಕಾರಣವು ಮುಂದೆ ವಾಚಕರಿಗೆ ತಿಳಿಯುವುದು.

ಭೋಗವೆಂಬುದು ಅಭ್ಯಾಸವಿಲ್ಲದವರಿಗೆ ಒಂದು ಬಗೆಯ ಶ್ರಮವೇ ಸರಿ. ಹಾಸಿಗೆಯನ್ನು ಹಾಸಲು ಬರುವ ಹುಡುಗಿಗೆ ಕೆಲಸ ಉಳಿಯಬಾರದೆಂದು ಅಮ್ಮ ಬೆಳಗ್ಗೆ ಐದಕ್ಕೇ ಎದ್ದು ಹೊದಿಕೆಗಳನ್ನೆಲ್ಲ ಮಡಿಸಿ ಇಡುವರು. ಅವಳು ಬಂದು ಅವುಗಳನ್ನು ಬಿಚ್ಚಿ ತನ್ನ ಪದ್ಧತಿಯಂತೆ ಮತ್ತೆ ಹಾಸುವಳು. ಮೂರು ದಿನ ಹೀಗೆ ನಡೆದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕು, ಕೂಡಿಯೇ ಹಾಸತೊಡಗಿದರು. ಊಟದ ಮೇಜಿನ ಮೇಲೆ ಒಬ್ಬೊಬ್ಬರಿಗೆ ನಾಲ್ಕು ಚಮಚೆ, ಮೂರು ಚೂರಿ. ನಮ್ಮ ಆಹಾರನಿಯಮವನ್ನು ಮಗಳು ಮೊದಲೇ ಬರೆದು ತಿಳಿಸಿದ್ದಳು. ಅಡಿಗೆಯವರು ಅನ್ನವನ್ನೂ ಬೇಯಿಸಿದ ತರಕಾರಿಯನ್ನೂ ಮೊಸರನ್ನೂ ತಪ್ಪದೆ ಕೊಟ್ಟರು. ಅಮ್ಮನಿಗೆ ಹೆಚ್ಚು ಹಿಡಿಸಿದ್ದು ಮಾತ್ರ ಬೆಳಗಿನ ಓಟ್ಸ್ ಗಂಜಿ. ಅಲ್ಲಿಯ ಹಳಬರು ಅದಕ್ಕೆ ಸಕ್ಕರೆಯನ್ನು ಹಾಕದೆ ಉಪ್ಪನ್ನೇ ಹಾಕುವರೆಂದು ತಿಳಿದಾಗ, "ಗಂಜಿಗೆ ಉಪ್ಪು ಹಾಕುವವರು ನಮ್ಮವರೇ" ಎಂದರು. ಅದೇ ಗಂಜಿಗೆ ಕೆಲವರು ವಿಸ್ಕಿಯನ್ನು ಹೊಯ್ದುಕೊಳ್ಳುತ್ತಿದ್ದುದನ್ನು ನೋಡದವರಂತೆ ಇದ್ದುಬಿಟ್ಟರು.

ನನಗೆ ಸಂದಿಗ್ಧವಾದದ್ದು ಸಂಧ್ಯಾಕಾಲ. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯನು ರಾತ್ರಿ ಹತ್ತೂವರೆಯ ಹೊತ್ತಿಗೆ ಮುಳುಗಿ, ಬೆಳಗಿನ ಜಾವ ನಾಲ್ಕೂವರೆಗೆ ಮತ್ತೆ ಮೂಡುವನು. ನಡುವೆ ಪೂರ್ಣವಾದ ಕತ್ತಲೆಯೇ ಇಲ್ಲ. ಸಾಯಂಸಂಧ್ಯೆಗೂ ಪ್ರಾತಃಸಂಧ್ಯೆಗೂ ನಡುವೆ ಮಲಗುವುದಕ್ಕೆ ನನಗೆ ಸಾಕಷ್ಟು ಹೊತ್ತು ಸಿಕ್ಕುತ್ತಿರಲಿಲ್ಲ. ಅಮ್ಮನ ತೊಡಕು ಬೇರೆ. ದೀಪ ಹಚ್ಚದೆ ರಾತ್ರಿಯ ಊಟ ಮಾಡಿದವರಲ್ಲ; ಹಡಗಿನ ಕೋಣೆಯಲ್ಲಿ ಬೆಂಕಿಯನ್ನು ಹೊತ್ತಿಸಕೂಡದು. ಮೊದಲ ದಿನ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತಿದ್ದು, "ಅವನೇ ಇನ್ನೂ ಉರಿಯುತ್ತಿದ್ದಾನಲ್ಲ" ಎಂದು ಸೂರ್ಯನಿಗೆ ಕೈಮುಗಿದು ಊಟಕ್ಕೆ ನಡೆದರು.

ಮೊದಲು ಕಂಡದ್ದು ಸ್ಟಾಫಾ ದ್ವೀಪ. ಅಲ್ಲಿ ಕರಿಯ ಶಿಲಾಸ್ತಂಭಗಳು, ಬಹುಮಟ್ಟಿಗೆ ಆರು ಮೂಲೆಯವು, ಶಿಲ್ಪಿಯು ಕಡೆದು ನಿಲ್ಲಿಸಿದಂತೆ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಅವುಗಳ ನಡುವೆ ಸಮುದ್ರವು ಒಳಹೊಕ್ಕು ಮೊರೆಯುವ ಗುಹೆಯೊಂದಿದೆ. ಮೆಂಡೆಲ್ಸನ್ ಎಂಬ ಜರ್ಮನ್ ಸಂಗೀತಗಾರನು 1829ರಲ್ಲಿ ಇಲ್ಲಿಗೆ ಬಂದಿದ್ದನು. 'ಹೆಬ್ರಿಡೀಸ್' ಎಂಬ ಅವನ ವಾದ್ಯಕೃತಿಯು ಈ ಪ್ರವಾಸದ ಫಲ. ಸುಮಾರು ಆರು ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸವು ಆರುವಾಗ ಕುಗ್ಗಿ, ಮೇಲಿನಿಂದ ಒಳಕ್ಕೆ ಬಿರುಕು ಬಿಟ್ಟು ಹೀಗಾಯಿತೆಂದು ಭೂವಿಜ್ಞಾನಿಗಳು ಹೇಳುವರು. ಇಂತಹ ಸ್ತಂಭಗಳು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪದಲ್ಲಿಯೂ ಇವೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಇದೇ ಕಾರಣವನ್ನು ನಾನು ಅರ್ಧ ಗಂಟೆ ವಿವರಿಸುವುದುಂಟು. ಅಮ್ಮನಿಗೂ ವಿವರಿಸತೊಡಗಿದೆನು. "ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಸೀಳುತ್ತದಲ್ಲ, ಹಾಗೆ" ಎಂದು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಮರುದಿನ ಅಯೋನಾ. ಕೊಲಂಬನೆಂಬ ಐರ್ಲೆಂಡಿನ ಯತಿಯು 563ರಲ್ಲಿ ಹನ್ನೆರಡು ಮಂದಿ ಶಿಷ್ಯರೊಡನೆ ದೋಣಿಯಲ್ಲಿ ಬಂದು ಇಲ್ಲಿ ಮಠವನ್ನು ಸ್ಥಾಪಿಸಿದನು. ಸ್ವದೇಶದ ಬೆಟ್ಟಗಳು ಕಣ್ಣಿಗೆ ಬೀಳುವಷ್ಟು ದೂರದಲ್ಲಿ ನಿಲ್ಲುವುದಿಲ್ಲವೆಂದು ಅವನು ನಿಶ್ಚಯಿಸಿದ್ದನೆಂದೂ, ಈ ದ್ವೀಪದ ಗುಡ್ಡವನ್ನು ಹತ್ತಿ ನೋಡಿ ಐರ್ಲೆಂಡು ಕಾಣಿಸದಿದ್ದುದರಿಂದ ಇಲ್ಲಿಯೇ ನಿಂತನೆಂದೂ ಐತಿಹ್ಯವಿದೆ. ಆ ಗುಡ್ಡಕ್ಕೆ ಐರ್ಲೆಂಡಿಗೆ ಬೆನ್ನು ತಿರುಗಿಸಿದ ಗುಡ್ಡವೆಂಬ ಅರ್ಥದ ಹೆಸರೇ ಉಂಟು. ನಾನು ಈ ಕಥೆಯನ್ನು ಹೇಳಿ ಮುಗಿಸಿದ ಮೇಲೆ ಅಮ್ಮ ಮಠದ ಕಲ್ಲುಗೋಡೆಗೆ ಒರಗಿ ಕುಳಿತು, "ಕಾಣದ ಕಡೆ ಬಂದು ಕೂತರೆ ಮರೆಯುತ್ತದೆಯೇ?" ಎಂದು ಕೇಳಿದರು. ಪ್ರಶ್ನೆಯು ನನಗೋ ಆ ಯತಿಗೋ ತಿಳಿಯಲಿಲ್ಲ.

ಅಲ್ಲಿಂದ ಉತ್ತರಕ್ಕೆ ಹ್ಯಾರಿಸ್. ಬೌಧಾಯನರ ಪಟ್ಟಿಯು ನನಗೆ ಸಂಪೂರ್ಣವಾಗಿ ಜ್ಞಾಪಕಕ್ಕೆ ಬಂದದ್ದು ಇಲ್ಲಿಯೇ. ಈ ದ್ವೀಪದ ಕೀರ್ತಿಯು ಉಣ್ಣೆಯ ಬಟ್ಟೆಯಿಂದ. ರೇವಿನ ಹತ್ತಿರವೇ ಮದ್ಯದ ಭಟ್ಟಿ. ನಾವು ಬಂದದ್ದಂತೂ ಸಮುದ್ರದ ಮೇಲೆ. ಹ್ಯಾರಿಸ್ ಟ್ವೀಡ್ ಎಂಬ ಹೆಸರಿಗೆ 1993ರಲ್ಲಿ ಪಾರ್ಲಿಮೆಂಟು ಒಂದು ಕಾನೂನನ್ನೇ ಮಾಡಿದೆ. ಶುದ್ಧವಾದ ಹೊಸ ಉಣ್ಣೆಯನ್ನು ಈ ಹೊರದ್ವೀಪಗಳಲ್ಲಿಯೇ ಬಣ್ಣ ಹಾಕಿ ನೂತು, ದ್ವೀಪವಾಸಿಗಳು ತಮ್ಮ ಮನೆಗಳಲ್ಲಿ ಕೈಯಿಂದ ನೇಯ್ದರೆ ಮಾತ್ರ ಆ ಹೆಸರು ಸಲ್ಲುವುದು. ನೇಕಾರನೊಬ್ಬನ ಮನೆಗೆ ನಮ್ಮನ್ನು ಕರೆದೊಯ್ದರು. ಅಮ್ಮ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಕಂಬಳಿಯ ತಂಗಿ" ಎಂದರು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕೇಳಿ ಆ ಮುದುಕನು ಬಹಳ ಸಂತೋಷಪಟ್ಟು, ಅಂಗೈಯಷ್ಟು ತುಂಡನ್ನು ಕತ್ತರಿಸಿ ಅವರ ಕೈಗಿತ್ತನು.

ಆ ರಾತ್ರಿ ಹಡಗು ತೆರೆದ ಅಟ್ಲಾಂಟಿಕ್ ಸಾಗರಕ್ಕೆ ಹೊರಟಿತು. ಹೊರದ್ವೀಪಗಳಿಂದ ಪಶ್ಚಿಮಕ್ಕೆ ಸುಮಾರು 64 ಕಿಲೋಮೀಟರ್ ದೂರದಲ್ಲಿ ಸೇಂಟ್ ಕಿಲ್ಡಾ ಎಂಬ ದ್ವೀಪಸಮೂಹವಿದೆ. ಆ ಹೆಸರಿನ ಸಂತನು ಎಲ್ಲಿಯೂ ಇದ್ದವನಲ್ಲ. ಹೆಸರು ಹೇಗೋ ಬಂದುಬಿಟ್ಟಿದೆ. ಅಲೆ ಎದ್ದಿದ್ದರೆ ಅಲ್ಲಿ ಇಳಿಯುವುದು ಅಸಾಧ್ಯ. ಎಷ್ಟೋ ಹಡಗುಗಳು ದೂರದಿಂದ ನೋಡಿ ಹಿಂದಿರುಗುವುವು. ನಮಗೆ ಬೆಳಗ್ಗೆ ಸಮುದ್ರವು ಶಾಂತವಾಗಿತ್ತು. ನೀರಿನಿಂದ ನೆಟ್ಟಗೆ ಎದ್ದು ನಿಂತ ಬಂಡೆಗಳು. ಅವುಗಳಲ್ಲಿ ಒಂದರ ಎತ್ತರ 196 ಮೀಟರ್. ಅವುಗಳ ಮೇಲೆ ಹಿಮ ಬಿದ್ದಂತೆ ಬಿಳಿಯ ಗ್ಯಾನೆಟ್ ಹಕ್ಕಿಗಳು. ಸುತ್ತಲೂ ಲಕ್ಷಾಂತರ ರೆಕ್ಕೆಗಳ ಸದ್ದು. ನಾವಿಕರಿಬ್ಬರು ಅಮ್ಮನ ಮುಂಗೈಗಳನ್ನು ಭದ್ರವಾಗಿ ಹಿಡಿದು ಸಣ್ಣ ದೋಣಿಗಿಳಿಸಿ, ಹಿರ್ಟಾ ಎಂಬ ದೊಡ್ಡ ದ್ವೀಪದ ಕಟ್ಟೆಯ ಮೇಲೆ ನಿಲ್ಲಿಸಿದರು. ಸೈನ್ಯದವರ ರೇಡಾರ್ ಕೇಂದ್ರವೊಂದು ಅಲ್ಲಿಯೂ ಇತ್ತು. ಆಯುಧಜೀವನವೂ ಪಟ್ಟಿಗೆ ಸೇರಿತೆಂದು ಎಣಿಸಿಕೊಂಡೆನು.

ಕೊಲ್ಲಿಯ ಬಾಗಿಗೆ ಸರಿಯಾಗಿ ಒಂದೇ ಬೀದಿ; ಬೀದಿಗೆ 1860ರ ದಶಕದಲ್ಲಿ ಕಟ್ಟಿದ ಹದಿನಾರು ಕಲ್ಲುಮನೆಗಳು. ಕೆಲವಕ್ಕೆ ಮಾತ್ರ ಈಗ ಮಾಡಿದೆ, ಉಳಿದವುಗಳೊಳಗೆ ಹುಲ್ಲು. ಕನಿಷ್ಠ ಎರಡು ಸಾವಿರ ವರ್ಷಗಳಿಂದ ಜನರಿದ್ದ ಊರು ಅದು. ಮರವೆಂಬುದೇ ಬೆಳೆಯದ ಆ ನೆಲದಲ್ಲಿ ಅವರು ಕುರಿಗಳನ್ನು ಸಾಕಿ, ಸ್ವಲ್ಪ ಓಟ್ಸ್ ಮತ್ತು ಬಾರ್ಲಿಯನ್ನು ಬೆಳೆದು, ಮುಖ್ಯವಾಗಿ ಕಡಿದಾದ ಬಂಡೆಗಳಲ್ಲಿ ಹಗ್ಗದಿಂದ ಇಳಿದು ಸಮುದ್ರಪಕ್ಷಿಗಳನ್ನು ಹಿಡಿದು ಬದುಕಿದರು. ಒಡೆಯನಿಗೆ ಕೊಡುವ ಗೇಣಿಯಲ್ಲಿ ಹಕ್ಕಿಯ ಪುಕ್ಕವೂ ಸೇರಿತ್ತು. ಗುಡ್ಡದ ಮೇಲೆಲ್ಲ ಗಾರೆಯಿಲ್ಲದೆ ಕಟ್ಟಿ ಮೇಲೆ ಹುಲ್ಲುಮಣ್ಣನ್ನು ಹೊದಿಸಿದ ಸಣ್ಣ ಕಲ್ಲುಗೂಡುಗಳು ಸಾವಿರಕ್ಕೂ ಹೆಚ್ಚು. ಕಲ್ಲುಗಳ ಸಂದಿನಿಂದ ಗಾಳಿಯಾಡಿ ಒಳಗಿಟ್ಟ ಮಾಂಸ, ಮೊಟ್ಟೆ, ಹುಲ್ಲು ಕೆಡದೆ ಉಳಿಯುತ್ತಿದ್ದುವು. ಗಂಡಸರು ಪ್ರತಿದಿನ ಬೆಳಗ್ಗೆ ಬೀದಿಯಲ್ಲಿ ಕೂಡಿ ಅಂದಿನ ಕೆಲಸವನ್ನು ನಿಶ್ಚಯಿಸುತ್ತಿದ್ದರಂತೆ. ಅದಕ್ಕೆ ಪಾರ್ಲಿಮೆಂಟೆಂದೇ ಹೆಸರು. "ಹೆಂಗಸರು?" ಎಂದರು ಅಮ್ಮ. ಸಭೆಯಲ್ಲಿ ಅವರಿಗೆ ಸ್ಥಾನವಿರಲಿಲ್ಲವೆಂದೆನು. "ಅಷ್ಟು ಹೊತ್ತಿಗೆ ಅವರು ಅರ್ಧ ಕೆಲಸ ಮುಗಿಸಿರುತ್ತಿದ್ದರು, ಬಿಡು" ಎಂದರು.

ಊರು ಕ್ಷೀಣಿಸಿದ ಬಗೆಯನ್ನು ಅಲ್ಲಿಯ ಮೇಲ್ವಿಚಾರಕಿಯು ಹೇಳಿದಳು. 1852ರಲ್ಲಿ 36 ಮಂದಿ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಅವರಲ್ಲಿ ಅನೇಕರು ದಾರಿಯಲ್ಲಿಯೇ ಸತ್ತರು. ಹತ್ತೊಂಬತ್ತನೆಯ ಶತಮಾನದ ಬಹುಭಾಗ, ಹುಟ್ಟಿದ ಶಿಶುಗಳಲ್ಲಿ ಬಹಳ ಮಂದಿ ಧನುರ್ವಾಯುವಿನಿಂದ ಮೊದಲ ಹದಿನೈದು ದಿನಗಳೊಳಗೇ ತೀರಿಹೋಗುತ್ತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ನೌಕಾದಳದವರು ಬಂದು ಹೋದ ಮೇಲೆ ಹರೆಯದವರು ಒಬ್ಬೊಬ್ಬರಾಗಿ ಹೊರಟರು. 1930ರ ಮೇ ತಿಂಗಳಲ್ಲಿ ಉಳಿದವರು ತಮ್ಮನ್ನು ಬೇರೆಡೆಗೆ ಸಾಗಿಸಬೇಕೆಂದು ಸರ್ಕಾರಕ್ಕೆ ಬರೆದುಕೊಂಡರು. ಅದೇ ವರ್ಷ ಆಗಸ್ಟ್ 29ರಂದು ಹೇರ್‌ಬೆಲ್ ಎಂಬ ಸರ್ಕಾರಿ ಹಡಗು ಆ 36 ಮಂದಿಯನ್ನೂ ಕರೆದೊಯ್ದಿತು. ಹೊರಡುವ ಮುಂಚೆ ಮನೆಮನೆಯಲ್ಲಿಯೂ ತಮ್ಮ ಧರ್ಮಗ್ರಂಥವನ್ನು ತೆರೆದಿಟ್ಟು, ಅದರ ಬಳಿ ಒಂದು ಹಿಡಿ ಓಟ್ಸ್ ಕಾಳನ್ನು ರಾಶಿ ಮಾಡಿ, ಬಾಗಿಲನ್ನು ಹಾಕಿಕೊಂಡರೆಂದು ಹೇಳುವರು. ಮರವನ್ನೇ ಕಾಣದ ಆ ಗಂಡಸರಲ್ಲಿ ಕೆಲವರಿಗೆ ಹೊಸ ಊರಿನಲ್ಲಿ ದೊರೆತದ್ದು ಅರಣ್ಯ ಇಲಾಖೆಯ ಕೆಲಸ. ಅಂದು ಎಂಟು ವರ್ಷದ ಬಾಲಿಕೆಯಾಗಿದ್ದವಳೊಬ್ಬಳು ಎಲ್ಲರಿಗಿಂತ ಕೊನೆಯವಳಾಗಿ 2016ರಲ್ಲಿ ತೀರಿಕೊಂಡಳು.

ನಾನು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದೆನು. ಅಮ್ಮ ಮಾಡಿಲ್ಲದ ಮನೆಯೊಂದರ ಹೊಸ್ತಿಲ ಕಲ್ಲಿನ ಮೇಲೆ ಕುಳಿತರು.

"ಇವರೇ ಕೇಳಿಕೊಂಡು ಹೋದರೋ, ಕಳಿಸಿದರೋ?"

"ಇವರೇ ಬರೆದು ಕೇಳಿಕೊಂಡರಮ್ಮ."

"ನಮ್ಮನ್ನು ಯಾರೂ ಕೇಳಲಿಲ್ಲ" ಎಂದರು.

ಇಲ್ಲಿ ನಮ್ಮ ಮನೆಯ ಸಂಗತಿಯನ್ನು ಸ್ವಲ್ಪ ಹೇಳಬೇಕಾಗಿದೆ. ನಮ್ಮ ಊರು ಸಾಗರ ಸೀಮೆಯಲ್ಲಿ ಶರಾವತಿಯ ದಂಡೆಯ ಮೇಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಿತು, ಊರು ಮುಳುಗಿತು. ಆಗ ಅಮ್ಮನಿಗೆ 24 ವರ್ಷ, ನನಗೆ ನಾಲ್ಕು. ನನಗೆ ನೆನಪಿರುವುದು ಎತ್ತಿನ ಗಾಡಿ ಮತ್ತು ಅದರ ಮೇಲೆ ಬೋರಲು ಹಾಕಿದ ಒಂದು ಕಡಾಯಿ ಮಾತ್ರ. ನಾಡಿಗೆ ವಿದ್ಯುತ್ತು ಬಂದಿತು. ಅದು ಸಣ್ಣ ಉಪಕಾರವಲ್ಲವೆಂದು ನಮ್ಮ ತೀರ್ಥರೂಪರು ಹೇಳುತ್ತಿದ್ದರು. ಪರಿಹಾರದ ಹಣ, ಹೊಸ ಜಮೀನು, ಪತ್ರಗಳು ಇವುಗಳ ಮಾತನ್ನೂ ಅವರು ಆಡುತ್ತಿದ್ದರು. ಅಮ್ಮ ಮಾತ್ರ ಮುಳುಗಡೆಯ ಪ್ರಸ್ತಾಪ ಬಂದಲ್ಲಿಂದ ಎದ್ದು ಒಳಕ್ಕೆ ಹೋಗುವರು. ನೆಂಟರು ಆ ನೀರನ್ನು ಲಾಂಚಿನಲ್ಲಿ ದಾಟಿ ಸಿಗಂದೂರಿಗೆ ಹೋಗಿ ಬಂದರೂ ಅಮ್ಮ ಆ ಕಡೆ ಮುಖ ಹಾಕಿದವರಲ್ಲ. ಅವರು ಮರೆತಿದ್ದಾರೆಂದು ಕೆಲವರು, ಮರೆಯಲಾರರೆಂದು ಕೆಲವರು. ಹೀಗೆ ಅರವತ್ತು ವರ್ಷಗಳು ಕಳೆದಿದ್ದುವು.

ಹಿರ್ಟಾದ ಆ ಹೊಸ್ತಿಲ ಮೇಲೆ ಕುಳಿತು ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯುವೆನು: "ಅತ್ತೆಯವರು ಗಾಡಿಯಲ್ಲಿ ಕೂತಾಗಿತ್ತು. ನೀನು ಅವರ ಮಡಿಲಲ್ಲಿದ್ದೆ. ಏನೋ ಮರೆತೆ ಅಂತ ಹೇಳಿ ನಾನು ಹಿಂದಕ್ಕೆ ಹೋದೆ. ಅಡಿಗೆಮನೆ ಸಾರಿಸಿದೆ. ನೀರಿನಡಿ ಹೋಗುವ ಮನೆ ಸಾರಿಸುವ ಹುಚ್ಚಿ ಯಾರು ಅಂತ ಬೈಯುತ್ತಿದ್ದರು, ಗೊತ್ತಾಗಿದ್ದರೆ. ಒಲೆಕಟ್ಟೆಯ ಮೇಲೆ ಒಂದು ಸೇರು ಅಕ್ಕಿ ಇಟ್ಟೆ. ಬರಿದಾದ ಮನೆ ಬಿಟ್ಟು ಹೊರಡಬಾರದಲ್ಲ. ಆ ವರ್ಷ ಅಕ್ಕಿಗೆ ಎಷ್ಟು ಕಷ್ಟವಿತ್ತು ಗೊತ್ತೇನು? ಅದಕ್ಕೇ ಯಾರಿಗೂ ಹೇಳಲಿಲ್ಲ. ನಿನ್ನ ಅಪ್ಪನಿಗೂ ಹೇಳಲಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, ಒಲೆಯಿದ್ದ ಕಡೆಗೆ ನೋಡಿ, "ಇವರು ಇಟ್ಟದ್ದು ನಾನು ದಿನಾ ಕುಡಿಯುವ ಗಂಜಿಯ ಕಾಳೇ ಅಲ್ಲವೇ?" ಎಂದು ಕೇಳಿದರು. ಹೌದೆಂದೆನು.

ಆ ಮೇಲಿನ ಮೂರು ರಾತ್ರಿಗಳು ನಮಗೆ ಮಾತಿನಲ್ಲಿಯೇ ಕಳೆದುವು. ಹೊರಗೆ ಮುಗಿಯದ ಸಂಜೆಬೆಳಕು, ಒಳಗೆ ನಾವಿಬ್ಬರು. ಬಾವಿ ಮನೆಯ ಯಾವ ದಿಕ್ಕಿಗಿತ್ತು, ತೋಟಕ್ಕೆ ಇಳಿಯುವ ಮೆಟ್ಟಲುಗಳೆಷ್ಟು, ಮಳೆಗಾಲದಲ್ಲಿ ಹೊಳೆಯನ್ನು ದಾಟಿಸುತ್ತಿದ್ದ ಅಂಬಿಗನ ಮನೆ ಎಲ್ಲಿ, ನಾನು ಹುಟ್ಟಿದ ಕೋಣೆಯ ಕಿಟಕಿಯಿಂದ ಕಾಣುತ್ತಿದ್ದ ಗುಡ್ಡದ ಆಕಾರ ಹೇಗೆ, ಎಲ್ಲವನ್ನೂ ಹೇಳಿದರು. ಹದಿನೇಳು ಮನೆಗಳ ಯಜಮಾನರ ಹೆಸರನ್ನೂ ಯಜಮಾನಿಯರ ಹೆಸರನ್ನೂ ನಾನು ಟಿಪ್ಪಣಿಪುಸ್ತಕದಲ್ಲಿ ಬರೆದುಕೊಂಡೆನು. ಸೇಂಟ್ ಕಿಲ್ಡಾದ ಪಾಳುಮನೆಗಳಲ್ಲಿ ಕೊನೆಗೆ ವಾಸಿಸಿದವರ ಹೆಸರು ಬರೆದ ಸಣ್ಣ ಹಲಗೆಕಲ್ಲುಗಳಿವೆ. ಅವುಗಳನ್ನು ನೋಡಿ ಬಂದ ಮೇಲೆ ಈ ಕೆಲಸವು ಅವಶ್ಯವೆಂದು ನಮ್ಮಿಬ್ಬರಿಗೂ ತೋರಿತು.

ಹಡಗು ಓಬನ್ನಿಗೆ ಹಿಂದಿರುಗುವ ದಿನ, "ಇಷ್ಟು ವರ್ಷ ಹೇಳದಿದ್ದುದನ್ನು ಇಲ್ಲಿ ಯಾಕೆ ಹೇಳಿದಿರಿ?" ಎಂದು ಕೇಳಿದೆನು. ನಾನು ನಿರೀಕ್ಷಿಸಿದ್ದು ಆ ಪಾಳೂರಿನ ಮಾತನ್ನು. ಅವರು ಹಾಗೆ ಹೇಳಲಿಲ್ಲ. "ಊರಲ್ಲಿ ಕೈಗೆ ಯಾವಾಗಲೂ ಕೆಲಸವಿತ್ತು. ಕೈ ಖಾಲಿಯಿದ್ದರೆ ನೆನಪಾಗುತ್ತದೆ. ನೆನಪಾದಾಗ ಕೇಳುವವರು ಹತ್ತಿರ ಇರಬೇಕು, ಅವರಿಗೂ ಕೆಲಸವಿರಬಾರದು" ಎಂದರು.

ಭೋಗವನ್ನು ಕುರಿತು ನಾನು ಓದಿದ ಗ್ರಂಥಗಳೆಲ್ಲ ಅದನ್ನು ವೈರಾಗ್ಯದ ಶತ್ರುವೆಂದೇ ಹೇಳುತ್ತವೆ. ಆ ಹಡಗಿನ ಬೆಳ್ಳಿಯ ಚಮಚೆಗಳೂ ಮೆತ್ತನೆಯ ಪೀಠಗಳೂ ಇಲ್ಲದಿದ್ದರೆ ನಮಗೇನೂ ಕೊರತೆಯಾಗುತ್ತಿರಲಿಲ್ಲ. ಆದರೆ ಅವುಗಳೊಡನೆ ಎಂಟು ದಿನಗಳ ಬಿಡುವೂ ಬಂದಿತು. ಕಾಶೀಯಾತ್ರೆಯಲ್ಲಿ ಅದು ನಮಗೆ ದೊರೆತಿರಲಿಲ್ಲ. ಅಲ್ಲಿ ರೈಲಿನ ಹೊತ್ತು, ಪಿಂಡದಾನದ ಹೊತ್ತು, ದರ್ಶನದ ಸಾಲು, ಜೊತೆಗೆ ಬಂದ ಹನ್ನೆರಡು ಮಂದಿ ನೆಂಟರು. ತಾಯಿಯವರಿಗೆ ಊಟ ವಸತಿಗಳನ್ನೂ ಔಷಧವನ್ನೂ ಒದಗಿಸುವ ಮಕ್ಕಳು ನಮ್ಮಲ್ಲಿ ಕಡಮೆಯಿಲ್ಲ. ತಾನು ಹುಟ್ಟುವ ಮೊದಲೂ ತಾಯಿಗೆ ಒಂದು ಬದುಕಿತ್ತು, ತನ್ನನ್ನು ಮಡಿಲಲ್ಲಿಟ್ಟುಕೊಂಡ ದಿನಗಳಲ್ಲಿಯೂ ಅವಳಿಗೆ ತನ್ನದೇ ಆದ ದುಃಖವಿತ್ತು ಎಂಬುದನ್ನು ಅವಳ ಬಾಯಿಂದಲೇ ಕೇಳಲು ಮಾತ್ರ ಇಂತಹ ಬಿಡುವು ಬೇಕು. ಅದಕ್ಕೆ ಹಡಗೇ ಆಗಬೇಕೆಂದಿಲ್ಲ. ಮನೆಯ ಜಗಲಿಯಾದರೂ ಸಾಕು. ಆದರೆ ಜಗಲಿಯಲ್ಲಿ ಕುಳಿತವರನ್ನು ಒಳಗಿನಿಂದ ಕೂಗುವವರು ಯಾರಾದರೂ ಇದ್ದೇ ಇರುವರು. ಸಮುದ್ರದ ಮಧ್ಯೆ ಯಾರೂ ಕೂಗುವುದಿಲ್ಲ. ಮಿತ್ರರು ಕೇಳಿದ ಫಲವು ಇದೇ.

ಸ್ವದೇಶಕ್ಕೆ ಬಂದ ಆರು ತಿಂಗಳ ಮೇಲೆ, 2025ರ ಜನವರಿಯಲ್ಲಿ, ಅಮ್ಮ ತಾವಾಗಿಯೇ, "ಹೊಳೆಬಾಗಿಲಿಗೆ ಹೋಗೋಣ" ಎಂದರು. ಅಂಬಾರಗೋಡ್ಲಿನ ಕಡೆಯ ದಡದಲ್ಲಿ ನಮ್ಮ ಮೋಟಾರನ್ನು ಬಿಟ್ಟು ಲಾಂಚನ್ನು ಹತ್ತಿದೆವು. ಪಕ್ಕದಲ್ಲಿ ಹೊಸ ಸೇತುವೆಯ ಕೆಲಸ ನಡೆಯುತ್ತಿತ್ತು. ಅದೇ ವರ್ಷ ಜುಲೈಯಲ್ಲಿ ಅದರ ಮೇಲೆ ಸಂಚಾರವು ಪ್ರಾರಂಭವಾಯಿತು. ಲಾಂಚು ನಡುನೀರಿಗೆ ಬಂದಾಗ ಅಮ್ಮ ಕಟಕಟೆಯನ್ನು ಹಿಡಿದು ನಿಂತು ದೂರದ ಗುಡ್ಡಗಳನ್ನು ಒಂದೊಂದಾಗಿ ನೋಡುತ್ತ, ಟಿಪ್ಪಣಿಪುಸ್ತಕವನ್ನು ತೆಗೆಯೆಂದರು. ಹದಿನೇಳು ಮನೆಗಳ ಹೆಸರನ್ನು ನಾನು ಓದಿದೆನು; ಅವರು ಒಂದೊಂದಕ್ಕೂ ನೀರಿನ ಮೇಲೆ ಕೈ ತೋರಿಸಿದರು. ಬಳಿ ನಿಂತಿದ್ದ ಇಬ್ಬರು ಹುಡುಗರು ಅವರ ಬೆರಳನ್ನೇ ನೋಡುತ್ತಿದ್ದರು. ನಿಮ್ಮ ಊರು ಯಾವುದೆಂದು ಕೇಳಿದವರಿಗೆ ನಾನು ಅಲ್ಲಿಯವರೆಗೆ "ಮುಳುಗಡೆಯಾಯಿತು" ಎಂದಷ್ಟೇ ಹೇಳುತ್ತಿದ್ದೆನು. ಈಗ ಬಾಗಿದ ನೆತ್ತಿಯ ಒಂದು ಗುಡ್ಡವನ್ನು ತೋರಿಸಿ, ಅದರ ಬುಡದಿಂದ ಪೂರ್ವಕ್ಕೆ, ಎಂದು ಹೇಳಬಲ್ಲೆನು.